ಸಮಾನ ಹಕ್ಕು ಸಿಕ್ಕ ಮೇಲೂ ಸ್ವಂತ ನಾಡಿನ ಬೇಡಿಕೆ ಏಕೆ?

ಪ್ರಶ್ನೆ: ಫ್ರಾನ್ಸ್ 1791ರಲ್ಲೇ ಯೆಹೂದಿಗಳಿಗೆ ಸಮಾನ ಪೌರತ್ವ ಕೊಟ್ಟಿತ್ತೆಂದು ಓದಿದ್ದೇನೆ. ಹಾಗಿದ್ದೂ ನೂರು ವರ್ಷಗಳ ಬಳಿಕ ಯೆಹೂದಿಗಳು ಪ್ರತ್ಯೇಕ ರಾಷ್ಟ್ರ ಬೇಕೆಂದದ್ದು ಏಕೆ? ಡ್ರೇಫಸ್ ಪ್ರಕರಣವೇ ಇದಕ್ಕೆ ಕಾರಣವೇ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಹಕ್ಕು ಸಿಕ್ಕ ಮೇಲೆ ದ್ವೇಷ ಇಳಿಯಬೇಕಿತ್ತಲ್ಲ ಎಂಬ ನಿಮ್ಮ ಸಂದೇಹ ಸಹಜವೇ. ಆ ಕಾಲದ ಅನೇಕ ಯೆಹೂದಿಗಳೂ ಹಾಗೆಂದೇ ನಂಬಿದ್ದರು.

ಆದರೆ ದ್ವೇಷದ ಬಗೆಯೇ ಬದಲಾಗುತ್ತಿತ್ತು. ಹಿಂದೆ ಅದು ಬಹುಮಟ್ಟಿಗೆ ಮತದ್ವೇಷ. ಕ್ರೈಸ್ತನಾದವನಿಗೆ ಅನೇಕ ಕಡೆ ಪಾರಾಗುವ ದಾರಿಯಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಜನಾಂಗದ ಮಾತು ಮುಂದೆ ಬಂತು. ಜರ್ಮನಿಯಲ್ಲಿ ಪತ್ರಕರ್ತ ವಿಲ್ಹೆಲ್ಮ್ ಮಾರ್ 1879ರಲ್ಲಿ ಯೆಹೂದಿ ವಿರೋಧಿಗಳದ್ದೇ ಒಂದು ಸಂಘ ಕಟ್ಟಿದ. ರಕ್ತವೇ ಬೇರೆ ಎಂದು ವಾದಿಸುವವರ ಮುಂದೆ ಮತಾಂತರವೂ ನಡೆಯದು, ಪೌರತ್ವವೂ ನಡೆಯದು. ವಕೀಲಿಯಲ್ಲಿ, ವ್ಯಾಪಾರದಲ್ಲಿ, ಪತ್ರಿಕೆಗಳಲ್ಲಿ ಮೇಲೆ ಬಂದ ಯೆಹೂದಿಗಳನ್ನು ಕಂಡು ಅಸಹನೆ ಇನ್ನಷ್ಟು ಬೆಳೆಯಿತು.

ಡ್ರೇಫಸ್ ಪ್ರಕರಣ ನಡೆದದ್ದು ಈ ವಾತಾವರಣದಲ್ಲಿ. ಫ್ರೆಂಚ್ ಸೇನೆಯ ಈ ಯೆಹೂದಿ ಕ್ಯಾಪ್ಟನ್ ಜರ್ಮನಿಗೆ ಗುಟ್ಟು ಮಾರಿದನೆಂದು 1894ರಲ್ಲಿ ತೀರ್ಪಾಯಿತು. ಅಕ್ಷರದ ಹೋಲಿಕೆ, ಜೊತೆಗೆ ಆರೋಪಿಗೆ ತೋರಿಸದ ಗುಪ್ತ ಕಡತ, ಇಷ್ಟೇ ಆಧಾರ. ನಿಜವಾದ ಅಪರಾಧಿ ಎಸ್ಟರ್‌ಹಾಜಿ ಎಂಬ ಇನ್ನೊಬ್ಬ ಅಧಿಕಾರಿಯೆಂದು ಸೇನೆಯವರೇ ಆದ ಪಿಕಾರ್ 1896ರಲ್ಲಿ ಕಂಡುಹಿಡಿದಾಗ, ಮೇಲಿನವರು ತಪ್ಪು ತಿದ್ದುವ ಬದಲು ಪಿಕಾರ್‌ನನ್ನೇ ಪ್ಯಾರಿಸ್ಸಿನಿಂದ ದೂರ ಕಳಿಸಿದರು. 1898ರಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಬಹಿರಂಗ ಪತ್ರ ಬರೆದ ಮೇಲೆ ದೇಶವೇ ಎರಡು ಪಾಳಯವಾಯಿತು. ಡ್ರೇಫಸ್ ನಿರ್ದೋಷಿಯೆಂದು ನ್ಯಾಯಾಲಯ ಸಾರಿದ್ದು 1906ರಲ್ಲಿ.

ಮೊದಲ ವಿಚಾರಣೆಯ ಕಾಲದಲ್ಲಿ ಥಿಯೋಡರ್ ಹರ್ಜಲ್ ವಿಯೆನ್ನಾ ಪತ್ರಿಕೆಯೊಂದರ ವರದಿಗಾರನಾಗಿ ಪ್ಯಾರಿಸ್ಸಿನಲ್ಲಿದ್ದ. 1896ರಲ್ಲಿ ಯೆಹೂದಿ ರಾಷ್ಟ್ರ ಬೇಕೆಂದು ಪುಸ್ತಕ ಬರೆದ. ಆದ್ದರಿಂದ ಡ್ರೇಫಸ್ ಪ್ರಕರಣವೇ ಜಿಯೋನಿಸಂನ, ಅಂದರೆ ಯೆಹೂದಿಗಳಿಗೆ ಸ್ವಂತ ನಾಡು ಬೇಕೆಂಬ ಚಳವಳಿಯ, ತಾಯಿ ಎಂಬ ಮಾತು ಹುಟ್ಟಿಕೊಂಡಿತು. ಅದು ಅರ್ಧ ಸತ್ಯ. ನನ್ನ ಎಣಿಕೆಯಲ್ಲಿ ರಷ್ಯಾದ ಪಾತ್ರವೇ ದೊಡ್ಡದು. ಅಲ್ಲಿ 1881ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರನ ಹತ್ಯೆಯಾದ ಬಳಿಕ ಯೆಹೂದಿಗಳ ಮನೆ, ಅಂಗಡಿಗಳ ಮೇಲೆ ಸರಣಿ ದಾಳಿಗಳಾದವು. ಮರುವರ್ಷವೇ ಒಡೆಸ್ಸಾದ ವೈದ್ಯ ಲಿಯಾನ್ ಪಿನ್ಸ್ಕರ್, ಹಕ್ಕನ್ನು ಇತರರು ಕೊಡಲಿ ಎಂದು ಕಾಯದೆ ಯೆಹೂದಿಗಳು ತಮ್ಮದೇ ನಾಡು ಕಟ್ಟಿಕೊಳ್ಳಬೇಕೆಂದು ಬರೆದ. ಹರ್ಜಲ್ ಬರೆಯುವುದಕ್ಕೆ ಹದಿನಾಲ್ಕು ವರ್ಷ ಮೊದಲು!

ಇಲ್ಲಿ ಇನ್ನೊಂದು ಗೊಂದಲವೂ ಆಗಬಹುದು. 'ಯೆಹೂದಿಗಳು ಬೇಡಿಕೆಯಿಟ್ಟರು' ಎಂದರೆ ಎಲ್ಲರೂ ಎಂದಲ್ಲ. ರಷ್ಯಾ ಬಿಟ್ಟವರಲ್ಲಿ ಬಹುಪಾಲು ಜನ ಹೋದದ್ದು ಪ್ಯಾಲೆಸ್ಟೈನಿಗಲ್ಲ, ಅಮೆರಿಕಕ್ಕೆ. 1897ರಲ್ಲಿ ವಿಲ್ನಾದಲ್ಲಿ ಹುಟ್ಟಿದ ಬಂಡ್ ಎಂಬ ಯೆಹೂದಿ ಕಾರ್ಮಿಕರ ಪಕ್ಷ, ಇದ್ದ ನೆಲದಲ್ಲೇ ಹೋರಾಡಬೇಕೆಂದಿತು. ಅದೇ ವರ್ಷ ಮೊದಲ ಜಿಯೋನಿಸ್ಟ್ ಸಮ್ಮೇಳನವನ್ನು ಮ್ಯೂನಿಕ್‌ನಲ್ಲಿ ನಡೆಸಲು ಹರ್ಜಲ್ ಹೊರಟಾಗ ಅಡ್ಡಬಂದವರು ಅಲ್ಲಿನ ಯೆಹೂದಿ ಮುಖಂಡರೇ. ಕೊನೆಗೆ ಅದು ಆಗಸ್ಟ್ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರಂಭವಾಯಿತು.