ನಡಿಗೆ ನೋಡಿ ಕೋಟೆ ಆರಿಸು

ಮದುವೆಯ ವಾರ್ಷಿಕೋತ್ಸವಕ್ಕೆ ಕೋಟೆ ನೋಡಲು ಹೊರಟಿದ್ದೀಯ ಅಂತ ಕೇಳಿ ಖುಷಿಯಾಯಿತು ಮಗಳೇ. ಆದರೆ ನಿನ್ನ ಪಟ್ಟಿ ನೋಡಿ ಎದೆ ಧಸಕ್ಕೆಂದಿತು. ಮೂರೇ ದಿನದಲ್ಲಿ ಚಿತ್ರದುರ್ಗ, ಬೀದರ್, ಮಂಜರಾಬಾದ್, ಮಿರ್ಜಾನ್! ಒಂದು ಬಯಲುಸೀಮೆಯಲ್ಲಿ, ಒಂದು ರಾಜ್ಯದ ಬಡಗಣ ತುದಿಯಲ್ಲಿ, ಒಂದು ಘಟ್ಟದ ನೆತ್ತಿಯಲ್ಲಿ, ಇನ್ನೊಂದು ಕಡಲ ಮಗ್ಗುಲಲ್ಲಿ. ಹೀಗೆ ಹೊರಟರೆ ಹಗಲೆಲ್ಲ ಕಾರಿನಲ್ಲೇ ಕಳೆಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ವರ್ಷಕ್ಕೊಂದು ಕೋಟೆ ಸಾಕು.

ಯಾವುದು ಅಂತ ಕೇಳ್ತೀಯ. ನಿನ್ನ ಗಂಡನನ್ನು ಕೇಳಿದೆಯಾ? ಇಲ್ಲ ತಾನೆ? ಪಟ್ಟಿ ಬರೆಯುವ ಉತ್ಸಾಹದಲ್ಲಿ ಅವನನ್ನೇ ಮರೆತಿದ್ದೀಯ. ನಿನಗೆ ಬೆಟ್ಟ ಕಂಡರೆ ಓಡುವ ಹುಚ್ಚು. ಅವನಿಗೋ ಹತ್ತು ಮೆಟ್ಟಿಲಿಗೆ ಒಂದು ಸಲ ನಿಂತು ಉಸಿರು ತೆಗೆಯಬೇಕು. ಇಬ್ಬರಲ್ಲಿ ನಿಧಾನ ನಡೆಯುವವರು ಯಾರೋ, ಅವರ ಕಾಲಿಗೆ ಒಪ್ಪುವ ಕೋಟೆ ಆರಿಸು. ನಿಮ್ಮಜ್ಜನಿಗೆ ಬುರುಜು ಕಂಡರೆ ಏರಲೇಬೇಕಿತ್ತು, ನನಗೆ ನೀರಿನ ಹೊಂಡ ಕಂಡರೆ ಕೂರಲೇಬೇಕಿತ್ತು. ಅವರು ಇಳಿದು ಬರುವವರೆಗೆ ನಾನು ಕಾಯುತ್ತಿದ್ದೆ, ನಾನು ಏಳುವವರೆಗೆ ಅವರು ಕಾಯುತ್ತಿದ್ದರು. ಈ ಕಾಯುವುದನ್ನು ಕಲಿಯದೆ ಜೊತೆಯಲ್ಲಿ ಎಲ್ಲಿಗೆ ಹೋದರೂ ಜಗಳವೇ.

ಕಾಲಲ್ಲಿ ಕಸುವಿದ್ದರೆ ಚಿತ್ರದುರ್ಗಕ್ಕೆ ಹೋಗಿ. ಏಳು ಸುತ್ತಿನ ಕೋಟೆ ಅದು, ಅರ್ಧ ಗಂಟೆಯಲ್ಲಿ ಮುಗಿಯುವುದಲ್ಲ. ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಒಳಗಿರಬೇಕು. ಬಿಸಿಲೇರಿದರೆ ಬಂಡೆ ಕಾದ ಹೆಂಚು. ತಿಂಡಿ ಚೀಲದೊಳಗಿರಲಿ, ಅಲ್ಲಿನ ಕೋತಿಗಳಿಗೆ ಮುಲಾಜಿಲ್ಲ. ಬಂಡೆಯಿಂದ ಇಳಿದ ಮಳೆನೀರನ್ನು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ಅಂತ ಒಂದರಿಂದ ಒಂದಕ್ಕೆ ಹರಿಸಿ, ಕೆಳಗೆ ಊರಿನ ಸಂತೆ ಹೊಂಡದವರೆಗೆ ತಲುಪಿಸಿದ್ದಾರೆ. ಅದನ್ನು ಕಣ್ಣಾರೆ ನೋಡು. 1779ರಲ್ಲಿ ಹೈದರಾಲಿ ಕೈಗೆ ಸಿಕ್ಕುವ ಮೊದಲು ಈ ದುರ್ಗ ಎಷ್ಟೋ ಮುತ್ತಿಗೆ ತಡೆದದ್ದು ಕಲ್ಲಿನಿಂದ ಮಾತ್ರವಲ್ಲ, ಈ ನೀರಿನಿಂದಲೂ ಹೌದು. ಓಬವ್ವನ ಕಿಂಡಿಯ ಹತ್ತಿರ ನಿಂತು ಆ ಕಥೆಯನ್ನು ಪೂರ್ತಿ ನೆನೆಸಿಕೊಳ್ಳಿ. ನೀರು ತರಲು ಹೋದವಳು ಶತ್ರುಗಳು ನುಸುಳುವುದನ್ನು ಕಂಡಳು. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಲಿಲ್ಲ, ಒನಕೆ ಹಿಡಿದು ತಾನೇ ನಿಂತಳು ಅಂತ ಜನ ಹೇಳುತ್ತಾರೆ. ನಿನ್ನ ಗಂಡನಿಗೆ ಇದನ್ನು ಅಲ್ಲೇ ಹೇಳು.

ಹತ್ತುವುದು ಬೇಡ, ಆದರೆ ದಿನಗಟ್ಟಲೆ ನೋಡಲು ಬೇಕು ಅನ್ನುವವರಿಗೆ ಬೀದರ್. ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬಂದು ನೆಲೆಸಿದ ಊರು. ಬಂಡೆಯನ್ನೇ ಕೊರೆದ ಮೂರು ಸಾಲಿನ ಕಂದಕ ನೋಡಿಯೇ ನೀನು ಬಾಯಿ ಮುಚ್ಚಿಕೊಳ್ಳುತ್ತೀಯ. ರಂಗೀನ್ ಮಹಲಿಗೆ ಎಷ್ಟೋ ಸಲ ಬೀಗ ಇರುತ್ತದೆ. ಹಿಂದಿರುಗಬೇಡ, ಕೋಟೆಯಲ್ಲಿರುವ ಪುರಾತತ್ವ ಇಲಾಖೆಯವರನ್ನು ವಿನಯದಿಂದ ಕೇಳು. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ನೋಡದೆ ಬಂದರೆ ಬೀದರಿಗೆ ಹೋದದ್ದೇ ದಂಡ. ಹೊರಗೆ ಊರಿನಲ್ಲಿ 1472ರ ಮಹಮೂದ್ ಗವಾನನ ಮದರಸಾ ಇದೆ. ಕೊನೆಗೆ ಬಿದರಿ ಕೆಲಸದವರ ಅಂಗಡಿ ಮುಂದೆ ಕೂತುಬಿಡಿ. ಸತು-ತಾಮ್ರದ ಪಾತ್ರೆಗೆ ಬೆಳ್ಳಿ ಕೂರಿಸಿ, ಹಳೇ ಕೋಟೆಯ ಮಣ್ಣು ಬೆರೆಸಿದ ಬಿಸಿನೀರಿಗೆ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ವಾರ್ಷಿಕೋತ್ಸವದ ಉಡುಗೊರೆ ಅಲ್ಲೇ ಕೊಳ್ಳು, ಚೌಕಾಸಿ ಮಾಡಿ ಅವರ ಹೊಟ್ಟೆಗೆ ಹೊಡೆಯಬೇಡ.

ಒಂದೇ ದಿನ ರಜೆ ಸಿಕ್ಕರೆ ಸಕಲೇಶಪುರದ ಮಂಜರಾಬಾದ್. ಟಿಪ್ಪು 1792ರಲ್ಲಿ ಮುಗಿಸಿದ ಎಂಟು ಮೂಲೆಯ ನಕ್ಷತ್ರದ ಕೋಟೆ. ಮೆಟ್ಟಿಲು 250ರ ಆಸುಪಾಸು, ನಿನ್ನವನು ಕೂತು ಕೂತು ಹತ್ತಬಹುದು. ಡ್ರೋನ್ ಫೋಟೊ ನೋಡಿ ಹೋಗಿ, ನಕ್ಷತ್ರ ಕಾಣಲಿಲ್ಲ ಅಂತ ಮುಖ ಊದಿಸಿಕೊಳ್ಳಬೇಡ. ಆ ಆಕಾರ ಆಕಾಶದಿಂದ ಕಾಣುವಂಥದ್ದು. ಗೋಡೆಯ ಉದ್ದಕ್ಕೂ ಒಂದು ಸುತ್ತು ಬಾ, ಪ್ರತಿ ತಿರುವಿನಲ್ಲಿ ಮೂಲೆ ಸಿಗುತ್ತದೆ.

ನಿಮ್ಮ ಮದುವೆಯಾದದ್ದು ಮಳೆಗಾಲದಲ್ಲಾದರೆ ಕುಮಟಾ ಹತ್ತಿರದ ಮಿರ್ಜಾನ್. ಕೆಂಪು ಮುರಕಲ್ಲಿಗೆ ಆಗ ಹಸಿರು ಪಾಚಿ ಹೊದ್ದಿರುತ್ತದೆ. ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ ಅದು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಹೆಣ್ಣುಮಗಳು.

ಇನ್ನೊಂದು ಮಾತು. ಎಲ್ಲಿಗೆ ಹೋದರೂ ಗೋಡೆಯ ಮೇಲೆ ಹೆಸರು ಗೀಚಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕಾನೂನು ಹಾಗಿರಲಿ, ಯಾರದೋ ಬೆವರಿನ ಮೇಲೆ ನಿನ್ನ ಹೆಸರೇಕೆ? ಗೀಚುವ ಬದಲು ಊರಿನ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೋ. ಅವರಿಗೆ ಗೊತ್ತಿರುವ ಓಣಿ, ಕಿಂಡಿ, ಕಥೆ ನಿನ್ನ ಮ್ಯಾಪಿಗೆ ಗೊತ್ತಿಲ್ಲ.

ತಾರೀಖಿಗೂ ಗಂಟು ಬೀಳಬೇಡ. ವೈಶಾಖದಲ್ಲಿ ಮದುವೆಯಾದವರು ಅದೇ ದಿನ ದುರ್ಗ ಹತ್ತಿದರೆ ಸಂಜೆಗೆ ಮಾತಾಡಲೂ ತ್ರಾಣ ಇರುವುದಿಲ್ಲ. ಆ ದಿನ ಮನೆಯಲ್ಲಿ ಪಾಯಸ ಮಾಡಿ ಉಣ್ಣಿ, ಕೋಟೆಗೆ ಮಾರ್ಗಶಿರದ ಚಳಿಯಲ್ಲಿ ಹೋಗಿ. ಈಗ ಫೋನು ಕೆಳಗಿಟ್ಟು ಗಂಡನನ್ನು ಕರಿ. ಎಷ್ಟು ದೂರ ನಡೆಯಬಲ್ಲೆ, ಏನು ನೋಡುವ ಆಸೆ ಅಂತ ಕೇಳು. ಅವನ ಉತ್ತರ ಬರುವ ತನಕ ರೂಮು ಬುಕ್ ಮಾಡಬೇಡ.