ಘಾಟು ಮೂಗಿಗೆ ಒಗ್ಗಬಾರದು

ಕೊಲ್ಹಾಪುರ ಜಿಲ್ಲೆಯ ಎಮ್ಮೆ ಹಾಲು ಕೆಡದೆ ಮುಂಬೈ, ಪುಣೆ ಮುಟ್ಟುವುದರಲ್ಲಿ ಅದನ್ನು ತಣಿಸುವ ಯಂತ್ರಗಳ ಅಮೋನಿಯಾದ ಪಾಲು ದೊಡ್ಡದು. ಕೊಲ್ಹಾಪುರದ ಕೋಲ್ಡ್ ಸ್ಟೋರೇಜ್, ಇಚಲಕರಂಜಿಯ ಐಸ್ ಫ್ಯಾಕ್ಟರಿ, ಗಡಹಿಂಗ್ಲಜ ಕಡೆಯ ಹಾಲಿನ ಶೀತಲೀಕರಣ ಕೇಂದ್ರಗಳಲ್ಲಿ ದುಡಿದು ಕಲಿತದ್ದನ್ನು ಹೊಸ ಹುಡುಗರಿಗಾಗಿ ಬರೆದಿದ್ದೇನೆ.

1. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಮೋನಿಯಾ ಸುಮಾರು 5 ಪಾಲು ಇದ್ದರೂ ಮೂಗಿಗೆ ತಿಳಿಯುತ್ತದೆ. ಎಂಟು ತಾಸಿನ ದುಡಿಮೆಗೆ ಮಿತಿ 25; 300 ಮುಟ್ಟಿದರೆ ಜೀವಕ್ಕೇ ಅಪಾಯ. ಆದರೆ ದಿನವೂ ಅಲ್ಲಿರುವವರ ಮೂಗು ಘಾಟಿಗೆ ಒಗ್ಗಿಹೋಗುತ್ತದೆ. "ಏನಿಲ್ಲ ಬಿಡ್ರೀ, ಗ್ಲ್ಯಾಂಡ್ ಸ್ವಲ್ಪ ಸೋರತೈತಿ" ಎನ್ನುವ ಹಳೆಯ ಆಪರೇಟರನಿಗಿಂತ, ಕ್ಯಾನ್ ಇಳಿಸಲು ಬಂದು ಮೂಗು ಮುಚ್ಚಿಕೊಂಡವನನ್ನು ನಂಬಿ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದ ಹಿಡಿದು ನೋಡಿ. ನೀಲಿಯಾದಲ್ಲಿ ಸೋರಿಕೆ ಇದೆ.

2. ಆಯಿಲ್ ತೆಗೆಯುವಾಗ ಅಲ್ಲಿಂದ ಕದಲಬೇಡಿ. ಕಂಪ್ರೆಸರಿನಿಂದ ಹೊರಟ ಎಣ್ಣೆ ದ್ರವ ಅಮೋನಿಯಾಕ್ಕಿಂತ ಭಾರ, ತಳದಲ್ಲಿ ನಿಲ್ಲುತ್ತದೆ, ತಣ್ಣಗಾಗಿ ಪೈಪಿನಲ್ಲಿ ಗಟ್ಟಿಯಾಗುತ್ತದೆ. ಬರುತ್ತಿಲ್ಲವೆಂದು ವಾಲ್ವನ್ನು ಇನ್ನೆರಡು ಸುತ್ತು ತೆರೆದು ಚಹಾಕ್ಕೆ ಹೋದರೆ, ಎಣ್ಣೆ ಕಳಚಿದ ಬೆನ್ನಿಗೇ ಅಮೋನಿಯಾ ಚಿಮ್ಮುತ್ತದೆ. ಒಂದು ಲೀಟರ್ ದ್ರವ ಆವಿಯಾದರೆ 800 ಲೀಟರಿಗೂ ಮಿಕ್ಕುತ್ತದೆ. ಕೈಬಿಟ್ಟೊಡನೆ ತಾನೇ ಮುಚ್ಚುವ ಸ್ಪ್ರಿಂಗ್ ವಾಲ್ವ್ ಇರಲೇಬೇಕು. ಅದನ್ನು ತಂತಿ ಕಟ್ಟಿ ತೆರೆದಿಟ್ಟದ್ದನ್ನು ಒಂದೆಡೆ ಕಂಡಿದ್ದೇನೆ. ನನ್ನ ಮಟ್ಟಿಗೆ ಅದು ಅಪರಾಧ.

3. ಅಮೋನಿಯಾ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹಾಯಿಸಿ, ಆಮೇಲೆ ಆಸ್ಪತ್ರೆ. ಹಬ್ಬುತ್ತಿರುವ ಆವಿಗೆ ನೀರು ಸಿಂಪಡಿಸಬಹುದು. ನೆಲದ ಮೇಲೆ ನಿಂತ ದ್ರವಕ್ಕೆ ಮಾತ್ರ ಸುರಿಯಬೇಡಿ: ಮೈನಸ್ 33 ಡಿಗ್ರಿಯಲ್ಲೇ ಕುದಿಯುವ ಅದು ನೀರಿನ ಶಾಖಕ್ಕೆ ಇನ್ನೂ ಜೋರಾಗಿ ಆವಿಯಾಗುತ್ತದೆ.

4. ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಎಂಬ ಧೈರ್ಯ ಬೇಡ. ಮಳೆಗಾಲದ ತೇವದಲ್ಲಿ, ಅದರಲ್ಲೂ ದ್ರವ ಚಿಮ್ಮಿದಾಗ, ಬಿಳಿ ಮಂಜಾಗಿ ನೆಲದಲ್ಲೇ ಹರಿದಾಡುತ್ತದೆ. ಗಾಳಿಗೆ ಅಡ್ಡಲಾಗಿ ಓಡಿ.

5. ಐಸ್ ಫ್ಯಾಕ್ಟರಿಯವರು ಉಪ್ಪುನೀರಿನ ತೊಟ್ಟಿಯನ್ನೂ ಪರೀಕ್ಷಿಸಬೇಕು. ಕೆನಡಾದ ಫರ್ನಿ ಊರಿನ ಐಸ್ ಸ್ಕೇಟಿಂಗ್ ಮೈದಾನದಲ್ಲಿ ಚಿಲ್ಲರಿನಿಂದ ಉಪ್ಪುನೀರಿಗೆ ಅಮೋನಿಯಾ ಸೋರುವುದು ತಿಂಗಳುಗಳ ಮೊದಲೇ ಗೊತ್ತಿತ್ತು. ಅದೇ ಚಿಲ್ಲರನ್ನು ಮತ್ತೆ ಓಡಿಸಿದರು. 2017ರ ಅಕ್ಟೋಬರಿನಲ್ಲಿ ಅಮೋನಿಯಾ ಸೋರಿ ಮೂವರು ಸತ್ತರು.

6. ಮಾಸ್ಕ್ ಪ್ಲಾಂಟ್ ರೂಮಿನ ಹೊರಗೆ ಇರಲಿ. ಒಳಗಿದ್ದರೆ ಬೇಕಾದಾಗ ಸಿಗದು. ಫಿಲ್ಟರ್ ಮಾಸ್ಕ್ ದೊಡ್ಡ ಸೋರಿಕೆಗೆ ಸಾಲದು. ಅಲ್ಲಿ ಗಾಳಿಯ ಸಿಲಿಂಡರೇ ಬೇಕು.

7. ನಮ್ಮ ಪಾಳಿಗಳಲ್ಲಿ ಮರಾಠಿಯವರು, ಕನ್ನಡದವರು, ಹಿಂದಿಯವರು ಒಟ್ಟಿಗಿರುತ್ತಾರೆ. ಮಾಲೀಕರೇ, ಮೊದಲು ಮುಚ್ಚಬೇಕಾದ ವಾಲ್ವ್ ಯಾವುದೆಂದು ಮೂರೂ ಭಾಷೆಯಲ್ಲಿ ಅದರ ಪಕ್ಕದಲ್ಲೇ ಬರೆಸಿ. ಈ ವಾರವೇ ಬರೆಸಿ.