ಸಿಟ್ಟು, ನಗು, ಅಚ್ಚರಿ: ಫಾರ್ವರ್ಡ್ ಮಾಡುವ ಮುನ್ನ



ಬೆಳಿಗ್ಗೆ ಎದ್ದು ಕುಟುಂಬದ ವಾಟ್ಸಾಪ್ ಗ್ರೂಪ್ ತೆರೆಯಿರಿ. ಮೊದಲು ಹೂವಿನ ಚಿತ್ರದ ಜೊತೆ ಒಂದು ಸಲಾಮ್. ಅದರ ಕೆಳಗೆ ಒಂದು ಜೋಕು. ಆಮೇಲೆ ‘ನಿಮಗಿದು ಗೊತ್ತೇ?’ ಎಂದು ಶುರುವಾಗುವ ಸಾಮಾನ್ಯ ಜ್ಞಾನ. ಅದರ ಬೆನ್ನಿಗೇ ಯಾರನ್ನೋ ಯಾರೋ ಹೊಡೆಯುತ್ತಿರುವ ವಿಡಿಯೊ, ‘ಎಲ್ಲರಿಗೂ ತಲುಪಿಸಿ’ ಎಂಬ ಒಕ್ಕಣೆ. ಇವೆಲ್ಲವನ್ನೂ ನಾವು ಒಂದೇ ಬೆರಳಿನಲ್ಲಿ, ಒಂದೇ ವೇಗದಲ್ಲಿ ಮುಂದಕ್ಕೆ ಕಳುಹಿಸುತ್ತೇವೆ. ಜೋಕಿನಿಂದ ಯಾರಿಗೇನು ನಷ್ಟ, ಸಾಮಾನ್ಯ ಜ್ಞಾನದಿಂದ ಯಾರಿಗೇನು ಕೇಡು ಎಂದು ನೀವು ಕೇಳಬಹುದು. ಈ ಪಾಠದಲ್ಲಿ ಆ ಪ್ರಶ್ನೆಗೇ ಉತ್ತರ ಹುಡುಕೋಣ.

ನಾವು ಯಾಕೆ ಹಂಚುತ್ತೇವೆ?

ಅಮೆರಿಕದ ಜೋನಾ ಬರ್ಗರ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ ಎಂಬ ಸಂಶೋಧಕರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಸುಮಾರು 7,000 ಬರಹಗಳನ್ನು ಪರಿಶೀಲಿಸಿ, ಓದುಗರು ಯಾವುದನ್ನು ಹೆಚ್ಚಾಗಿ ಇತರರಿಗೆ ಇಮೇಲ್ ಮಾಡುತ್ತಾರೆ ಎಂದು ನೋಡಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೆರಗು, ಸಿಟ್ಟು ಮತ್ತು ಆತಂಕ ಹುಟ್ಟಿಸುವ ಬರಹಗಳು ಹೆಚ್ಚು ಹಂಚಿಕೆಯಾಗುತ್ತವೆ. ದುಃಖದ ಬರಹಗಳು ಕಡಿಮೆ ಹಂಚಿಕೆಯಾಗುತ್ತವೆ. ಕಾರಣ ಸರಳ. ದುಃಖ ನಮ್ಮನ್ನು ಸುಮ್ಮನೆ ಕೂರಿಸುತ್ತದೆ. ಸಿಟ್ಟು, ನಗು, ಅಚ್ಚರಿಗಳು ಮೈಯನ್ನು ಎಚ್ಚರಿಸುತ್ತವೆ, ಏನನ್ನಾದರೂ ಮಾಡು ಎನ್ನುತ್ತವೆ. ಕೈಯಲ್ಲಿ ಮೊಬೈಲ್ ಇದ್ದಾಗ ಮಾಡಲು ಅತ್ಯಂತ ಸುಲಭವಾದ ಕೆಲಸ ಫಾರ್ವರ್ಡ್.

ಗಮನಿಸಿ, ಇಲ್ಲಿ ಸತ್ಯ-ಸುಳ್ಳಿನ ಮಾತೇ ಬಂದಿಲ್ಲ. ಭಾವನೆ ಮೊದಲು ಬರುತ್ತದೆ, ಪರಿಶೀಲನೆ ಆಮೇಲೆ. ಎಷ್ಟೋ ಬಾರಿ ಆ ‘ಆಮೇಲೆ’ ಬರುವುದೇ ಇಲ್ಲ.

ಅಚ್ಚರಿ

‘ಜನಗಣಮನ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಎಂದು ಯುನೆಸ್ಕೋ ಘೋಷಿಸಿದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಯುನೆಸ್ಕೋ ಅಂಥ ಘೋಷಣೆ ಮಾಡಿಲ್ಲ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ, ಹೊಸ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತರೂ ಪತ್ತೆಯಾಗುತ್ತದೆ ಎಂಬ ಸುದ್ದಿ ಹಬ್ಬಿತು. ಅದೂ ಸುಳ್ಳು. ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ಕಂಡ ಭಾರತ ಎಂದು ಪ್ರತಿವರ್ಷ ಓಡಾಡುವ ಬಣ್ಣದ ಚಿತ್ರ ವಾಸ್ತವದಲ್ಲಿ 1992ರಿಂದ 2003ರವರೆಗಿನ ಉಪಗ್ರಹ ಮಾಹಿತಿಯನ್ನು ಸೇರಿಸಿ ಮಾಡಿದ್ದು. ಜನವಸತಿ ಹೇಗೆ ಬೆಳೆಯಿತೆಂದು ತೋರಿಸುವುದು ಅದರ ಉದ್ದೇಶವಾಗಿತ್ತು.

ಇವೆಲ್ಲ ಬೇರೆಯವರ ತಪ್ಪು ಎಂದು ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಚಂದ್ರನ ಮೇಲೆ ನೀಲ್ ಆರ್ಮ್‌ಸ್ಟ್ರಾಂಗ್ ಅಝಾನ್ ಕೇಳಿದರು, ಬಂದು ಇಸ್ಲಾಂ ಸ್ವೀಕರಿಸಿದರು ಎಂಬ ಕತೆಯನ್ನು ನಮ್ಮಲ್ಲಿ ಅನೇಕರು ಸಣ್ಣವರಿದ್ದಾಗಿನಿಂದ ಕೇಳಿದ್ದೇವೆ. ಆರ್ಮ್‌ಸ್ಟ್ರಾಂಗ್ ಅದನ್ನು ಸ್ಪಷ್ಟವಾಗಿ ನಿರಾಕರಿಸಿದ್ದರು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮುಸ್ಲಿಂ ದೇಶಗಳಲ್ಲಿರುವ ತನ್ನ ರಾಯಭಾರ ಕಚೇರಿಗಳಿಗೆ ಈ ಬಗ್ಗೆ ಸ್ಪಷ್ಟನೆಯನ್ನೂ ಕಳುಹಿಸಿತ್ತು. ಆದರೂ ಕತೆ ನಿಂತಿಲ್ಲ. ಕೇಳಲು ಹಿತವಾಗಿದೆ ಎಂಬುದೇ ಅದರ ಆಯುಷ್ಯದ ಗುಟ್ಟು. ಸತ್ಯವಾದ ಧರ್ಮಕ್ಕೆ ಸುಳ್ಳಿನ ಊರುಗೋಲು ಬೇಕಿಲ್ಲ.

ನಗು

2012ರಲ್ಲಿ ‘ದಿ ಆನಿಯನ್’ ಎಂಬ ಅಮೆರಿಕದ ಹಾಸ್ಯ ಪತ್ರಿಕೆ, ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಜಗತ್ತಿನ ಅತ್ಯಂತ ಆಕರ್ಷಕ ಪುರುಷ ಎಂದು ತಮಾಷೆಗೆ ಬರೆಯಿತು. ಚೀನಾದ ಪ್ರಮುಖ ಪತ್ರಿಕೆ ‘ಪೀಪಲ್ಸ್ ಡೈಲಿ’ಯ ಜಾಲತಾಣ ಅದನ್ನು ನಿಜವೆಂದೇ ನಂಬಿ, ಹತ್ತಾರು ಫೋಟೊಗಳ ಜೊತೆ ಪ್ರಕಟಿಸಿತು. ಹಾಸ್ಯ ಬರೆದವರ ಹೆಸರು ಕಳಚಿಕೊಂಡರೆ ಹಾಸ್ಯವೇ ಸುದ್ದಿಯಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಗುವಿಗೆ ಇನ್ನೊಂದು ಮುಖವೂ ಇದೆ. ಒಂದು ಊರಿನವರ ಮಾತಿನ ಧಾಟಿ, ಒಂದು ಜಾತಿಯವರ ಕಸುಬು, ಸಹಪಾಠಿಯ ಮೈಬಣ್ಣ ಇವೆಲ್ಲ ಮೀಮ್ ಆಗುತ್ತವೆ. ‘ತಮಾಷೆಗೆ ಹೇಳಿದ್ದು’ ಎನ್ನುತ್ತೇವೆ. ಕುರ್‌ಆನಿನ ಹುಜುರಾತ್ ಅಧ್ಯಾಯವು ಒಂದು ಗುಂಪು ಇನ್ನೊಂದನ್ನು ಗೇಲಿ ಮಾಡುವುದನ್ನು ಮತ್ತು ಕೆಟ್ಟ ಅಡ್ಡಹೆಸರುಗಳಿಂದ ಕರೆಯುವುದನ್ನು ತಡೆಯುತ್ತದೆ. ತಮಾಷೆಗೆ ಅಲ್ಲಿ ವಿನಾಯಿತಿ ಕಾಣುವುದಿಲ್ಲ.

ಸಿಟ್ಟು ಮತ್ತು ಭಯ

ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಒಂದು ಕಿರುಚಿತ್ರ ತಯಾರಾಗಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕೊನೆಯಲ್ಲಿ ಮರಳಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಉಳಿದ ತುಣುಕು ಮಕ್ಕಳ ಕಳ್ಳರ ನಿಜವಾದ ವಿಡಿಯೊ ಎಂಬಂತೆ 2018ರಲ್ಲಿ ಭಾರತದ ಮೊಬೈಲುಗಳಲ್ಲಿ ಓಡಾಡಿತು. ಇಂಥ ವದಂತಿಗಳಿಂದ ಆ ವರ್ಷ ದೇಶದ ಹಲವೆಡೆ ಅಮಾಯಕರ ಕೊಲೆಗಳಾದವು.

ನಮ್ಮ ರಾಜ್ಯವೂ ಇದರಿಂದ ಹೊರತಾಗಲಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಗೆಳೆಯರ ಜೊತೆ ಬಂದಿದ್ದ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಮುರ್ಕಿ ಎಂಬಲ್ಲಿ ಗುಂಪು ಹೊಡೆದು ಕೊಂದಿತು. ಗೆಳೆಯರು ಗಾಯಗೊಂಡರು. ಅವರ ಗುಂಪು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ಅವರ ಕಾರಿಗಿಂತ ಮುಂದೆ ಓಡಿತ್ತು. ಆ ಸಂದೇಶವನ್ನು ಒತ್ತಿ ಕಳುಹಿಸಿದ ಹೆಚ್ಚಿನವರು ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ, ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ತಿಳಿದಿರಬೇಕು.

ಒಂದೇ ಬೆರಳು

ಈಗ ಮೊದಲಿನ ಪ್ರಶ್ನೆಗೆ ಬರೋಣ. ನೋಟಿನ ಚಿಪ್ಪಿನ ಸುದ್ದಿಯನ್ನು ಪರೀಕ್ಷಿಸದೆ ಕಳುಹಿಸಿದ ಬೆರಳೇ ಮಕ್ಕಳ ಕಳ್ಳರ ಸುದ್ದಿಯನ್ನೂ ಕಳುಹಿಸುತ್ತದೆ. ಅಭ್ಯಾಸ ಬೆಳೆಯುವುದು ಸಣ್ಣ ವಿಷಯಗಳಲ್ಲಿ. ಜೊತೆಗೆ, ದಿನವೂ ಸಲಾಮ್, ಜೋಕು, ಆರೋಗ್ಯದ ಸಲಹೆ ಕಳುಹಿಸುವ ಚಿಕ್ಕಪ್ಪನ ಮೇಲೆ ನಮಗೆ ಪ್ರೀತಿ ಬೆಳೆದಿರುತ್ತದೆ. ಒಂದು ದಿನ ಅವರೇ ಸಿಟ್ಟಿನ ಸುದ್ದಿ ಕಳುಹಿಸಿದಾಗ, ಸುದ್ದಿಯನ್ನು ನೋಡದೆ ಕಳುಹಿಸಿದವರ ಮುಖ ನೋಡಿ ನಂಬುತ್ತೇವೆ. ಆದರೆ ಆ ಸುದ್ದಿ ಅವರದ್ದಲ್ಲ, ಅವರಿಗೂ ಯಾರೋ ಕಳುಹಿಸಿದ್ದು.

2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಎಂಐಟಿ ಸಂಶೋಧಕರ ಅಧ್ಯಯನ 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿತು. ನಿಜಕ್ಕಿಂತ ಸುಳ್ಳು ಮರುಹಂಚಿಕೆಯಾಗುವ ಸಾಧ್ಯತೆ ಶೇ. 70ರಷ್ಟು ಹೆಚ್ಚಿತ್ತು. ಇದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಮನುಷ್ಯರೇ ಎಂದು ಅವರು ಕಂಡುಕೊಂಡರು.

2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಒಮ್ಮೆಗೆ 5 ಚಾಟ್‌ಗಳಿಗೆ ಇಳಿಸಿತು. ಬಹಳ ಸಲ ಫಾರ್ವರ್ಡ್ ಆದ ಸಂದೇಶಗಳಿಗೆ 2020ರ ಏಪ್ರಿಲ್‌ನಲ್ಲಿ ಆ ಮಿತಿ ಒಂದೇ ಚಾಟ್ ಆಯಿತು. ಕಂಪನಿ ವೇಗಕ್ಕೆ ಕಡಿವಾಣ ಹಾಕಬಹುದು. ಒತ್ತಬೇಕೋ ಬೇಡವೋ ಎಂಬುದು ನಮ್ಮ ಕೆಲಸ.

ಸನದ್ ಕೇಳುವ ಪರಂಪರೆ

ಈ ಕೆಲಸ ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದ್ ಕೇಳುತ್ತಿದ್ದರು. ಅಂದರೆ, ಯಾರು ಯಾರಿಂದ ಕೇಳಿದರು ಎಂಬ ಸರಪಳಿ. ಸರಪಳಿಯಲ್ಲಿರುವ ಪ್ರತಿಯೊಬ್ಬರ ಪ್ರಾಮಾಣಿಕತೆ ಮತ್ತು ನೆನಪಿನ ಶಕ್ತಿಯನ್ನು ಪರೀಕ್ಷಿಸುತ್ತಿದ್ದರು. ಒಂದು ಕೊಂಡಿ ಕಳಚಿದ್ದರೂ ಮಾತು ದುರ್ಬಲವೆಂದು ಬರೆದಿಡುತ್ತಿದ್ದರು. ಹುಜುರಾತ್ ಅಧ್ಯಾಯದ 6ನೇ ವಚನದ ಆಶಯವೂ ಇದೇ: ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಪರಿಶೀಲಿಸಿ, ಇಲ್ಲವಾದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು. ಅಂಥ ಪರಂಪರೆಯ ವಾರಸುದಾರರಾದ ನಾವು ‘ಬಂದದ್ದನ್ನು ಕಳುಹಿಸಿದೆ ಅಷ್ಟೇ’ ಎನ್ನಬಹುದೇ?

ಒತ್ತುವ ಮುನ್ನ ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಇದನ್ನು ಮೊದಲು ಹೇಳಿದವರು ಯಾರು? ಎಲ್ಲಿ, ಯಾವಾಗ?
2. ಇದು ನನ್ನಲ್ಲಿ ಯಾವ ಭಾವನೆ ಹುಟ್ಟಿಸಿತು? ಆ ಭಾವನೆ ಇಳಿದ ಮೇಲೂ ಕಳುಹಿಸಬೇಕೆನಿಸುತ್ತದೆಯೇ?
3. ಎರಡು ಬಾಣದ ಗುರುತು ಇದೆಯೇ? ಇದ್ದರೆ ಅದು ಬಹಳ ಕೈ ದಾಟಿ ಬಂದ ಸಂದೇಶ.
4. ಸುಳ್ಳಾಗಿದ್ದರೆ ನೋವು ಯಾರಿಗೆ?

ಚಟುವಟಿಕೆ: ಈ ವಾರ ನಿಮಗೆ ಬಂದ ಹತ್ತು ಫಾರ್ವರ್ಡ್‌ಗಳನ್ನು ಸಿಟ್ಟು, ನಗು, ಅಚ್ಚರಿ ಎಂದು ವಿಂಗಡಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟರ ಮೂಲ ಸಿಕ್ಕಿತು ಎಂದು ಎಣಿಸಿ. ಸುಳ್ಳೆಂದು ಗೊತ್ತಾದುದನ್ನು ನೀವೇ ಕಳುಹಿಸಿದ್ದರೆ, ಅದೇ ಗ್ರೂಪಿನಲ್ಲಿ ‘ನಾನು ಕಳುಹಿಸಿದ್ದು ತಪ್ಪು’ ಎಂದು ಬರೆಯಿರಿ. ಹಿರಿಯರು ಕಳುಹಿಸಿದ್ದರೆ ಗ್ರೂಪಿನಲ್ಲಿ ಅವಮಾನ ಮಾಡಬೇಡಿ, ಪಕ್ಕದಲ್ಲಿ ಕೂತು ವಿನಯದಿಂದ ತೋರಿಸಿ. ಕಳುಹಿಸಲು ಒಂದು ಕ್ಷಣ ಸಾಕು. ತಿದ್ದಿಕೊಳ್ಳಲು ಸ್ವಲ್ಪ ಧೈರ್ಯ ಬೇಕು, ಅದನ್ನು ಈ ವಾರ ಅಭ್ಯಾಸ ಮಾಡೋಣ.